ಹಾರ್ನ್ ಸುಡ್ತಿರೋದು ಆಂಪ್ಲಿಫೈಯರ್ ಚಿಕ್ಕದಾಗಿದ್ದಕ್ಕಾ?

ಪ್ರಶ್ನೆ: ಸರ್, ನಮ್ಮದು ಹಾಸನ ಜಿಲ್ಲೆಯ ಏಳು ಜನರ ಆರ್ಕೆಸ್ಟ್ರಾ. ಇಬ್ಬರು ಗಾಯಕರು, ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಲೀಡ್ ಗಿಟಾರ್, ಬೇಸ್ ಗಿಟಾರ್. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್‌ಗಳಿಗೆ ಹೋಗುತ್ತೇವೆ. ಸೌಂಡ್ ಸ್ವಂತದ್ದು. ಎರಡು ಟಾಪ್ ಬಾಕ್ಸ್ ಇವೆ, ಡಬಲ್ 15 ಇಂಚು ಮತ್ತು ಹಾರ್ನ್. ಹಿಂದೆ 800 ವ್ಯಾಟ್ ಆರ್‌ಎಂಎಸ್, 1600 ಪ್ರೋಗ್ರಾಂ, 3200 ಪೀಕ್, 4 ಓಮ್ ಎಂದು ಬರೆದಿದೆ. ಸಿಂಗಲ್ 18 ಇಂಚಿನ ಸಬ್ (ಬೇಸ್ ಬಾಕ್ಸ್) ಎರಡು, ತಲಾ 600 ವ್ಯಾಟ್ ಆರ್‌ಎಂಎಸ್, 8 ಓಮ್. ಒಂದೇ ಮಾಡೆಲ್‌ನ ಎರಡು ಆಂಪ್ಲಿಫೈಯರ್ ಇವೆ. ಚಾನೆಲ್‌ಗೆ 4 ಓಮ್‌ನಲ್ಲಿ 800 ವ್ಯಾಟ್, 8 ಓಮ್‌ನಲ್ಲಿ 500, ಬ್ರಿಡ್ಜ್ ಮಾಡಿದರೆ (ಎರಡೂ ಚಾನೆಲ್ ಸೇರಿಸಿ ಒಂದಾಗಿ ಓಡಿಸಿದರೆ) 8 ಓಮ್‌ಗೆ 1600. ಒಂದಕ್ಕೆ ಟಾಪ್ ಹಾಕಿದ್ದೇವೆ. ಇನ್ನೊಂದನ್ನು ಬ್ರಿಡ್ಜ್ ಮಾಡಿ ಎರಡೂ ಸಬ್ ಕೊಟ್ಟಿದ್ದೇವೆ. ಕಳೆದ ಸೀಸನ್‌ನಲ್ಲಿ ಮೂರು ಸಲ ಹಾರ್ನ್ ಡಯಾಫ್ರಮ್ ಸುಟ್ಟಿತು, ಪ್ರತಿ ಸಲ ಕಾರ್ಯಕ್ರಮದ ಕೊನೆಕೊನೆಗೆ. ಸಬ್ ಆಂಪ್ ಆಗಾಗ ಪ್ರೊಟೆಕ್ಟ್‌ಗೆ ಹೋಗಿ ಸೌಂಡ್ ನಿಂತುಬಿಡುತ್ತದೆ. ಅಂಗಡಿಯವರು ‘ಆಂಪ್ ಚಿಕ್ಕದಾಯ್ತು, ಅಂಡರ್ ಪವರ್ ಆದ್ರೆ ಬಾಕ್ಸ್ ಸುಡುತ್ತೆ, 2000 ವ್ಯಾಟ್‌ದು ತಗೊಳ್ಳಿ’ ಅನ್ನುತ್ತಾರೆ. ಪರಿಚಯದ ಸೌಂಡ್‌ನವರು ‘ಬಾಕ್ಸ್‌ಗಿಂತ ಆಂಪ್ ಕಮ್ಮಿ ಇದ್ರೇನೇ ಸೇಫ್’ ಅನ್ನುತ್ತಾರೆ. ನಾವಂತೂ ಆಂಪ್ ನಾಬ್ ಅರ್ಧದಿಂದ ಮೇಲೆ ಏರಿಸಿಲ್ಲ. ಯಾರ ಮಾತು ನಂಬೋದು? ಇದೇ ಆಂಪ್‌ಗೆ ಇನ್ನೆರಡು ಟಾಪ್ ಸೇರಿಸಬಹುದಾ?

ಉತ್ತರ: ದೊಡ್ಡ ಆಂಪ್‌ಗೆ ದುಡ್ಡು ಹಾಕಿದರೆ ಹಾರ್ನ್ ಸುಡುವುದು ನಿಲ್ಲುತ್ತಾ ಎಂಬುದು ನಿಮ್ಮ ಚಿಂತೆ. ಅದೊಂದರಿಂದಲೇ ನಿಲ್ಲುವುದಿಲ್ಲ. ಅಂಗಡಿಯವರ ಮಾತಲ್ಲೂ ಅರ್ಧ ನಿಜ ಇದೆ, ಸೌಂಡ್‌ನವರ ಮಾತಲ್ಲೂ ಅರ್ಧ ನಿಜ ಇದೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಬ್ ಆಂಪ್‌ನ ಬ್ರಿಡ್ಜ್ ಬಿಚ್ಚಿ. ಮುಂದಿನ ಪ್ರೋಗ್ರಾಂಗೆ ಹೋಗುವ ಮುಂಚೆಯೇ ಬಿಚ್ಚಿ.

ಯಾಕೆ ಅಂದರೆ, 8 ಓಮ್‌ನ ಎರಡು ಸಬ್‌ಗಳನ್ನು ಒಂದೇ ಲೈನ್‌ಗೆ ಹಾಕಿದಾಗ ಲೋಡ್ 4 ಓಮ್ ಆಗುತ್ತದೆ. ಓಮ್ ಕಮ್ಮಿಯಾದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ಬ್ರಿಡ್ಜ್‌ನಲ್ಲಿ ಎರಡು ಚಾನೆಲ್‌ಗಳು ಆ ಲೋಡನ್ನು ಹಂಚಿಕೊಳ್ಳುತ್ತವೆ. ಒಂದೊಂದು ಚಾನೆಲ್‌ಗೆ ಅದು 2 ಓಮ್ ಆಗಿ ಕಾಣುತ್ತದೆ. ನಿಮ್ಮ ಆಂಪ್‌ಗೆ ಕಂಪನಿಯವರು 2 ಓಮ್‌ನ ರೇಟಿಂಗ್ ಕೊಟ್ಟೇ ಇಲ್ಲ. ಬ್ರಿಡ್ಜ್‌ಗೆ ಕಡಿಮೆ ಎಂದರೆ 8 ಓಮ್ ಎಂದು ಅವರೇ ಬರೆದಿದ್ದಾರೆ. ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತಿರುವುದು ಅದಕ್ಕೇ. ಅದು ಕೆಟ್ಟಿಲ್ಲ, ಜೀವ ಉಳಿಸಿಕೊಳ್ಳುತ್ತಿದೆ. ಸ್ಟೀರಿಯೋ ಮೋಡ್‌ಗೆ ತಂದು ಚಾನೆಲ್‌ಗೆ ಒಂದು ಸಬ್ ಹಾಕಿ. ತಲಾ 500 ವ್ಯಾಟ್ ಸಿಗುತ್ತದೆ. 1600 ಹೋಗಿ 1000 ಆಯ್ತಲ್ಲ ಅಂತ ಬೇಸರ ಬೇಡ. ಪ್ರೊಟೆಕ್ಟ್‌ಗೆ ಹೋದ ಆಂಪ್ ಕೊಡುವುದು ಸೊನ್ನೆ.

ಈಗ ಹಾರ್ನ್ ವಿಷಯ.

ಸ್ಪೀಕರ್‌ನೊಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಸುಡುವುದು ಬಿಸಿಯಿಂದ. ಹಾರ್ನ್‌ನಲ್ಲಿ ಅದು ಡಯಾಫ್ರಮ್ ಅನ್ನುವ ತೆಳು ಪೊರೆಗೇ ಅಂಟಿರುತ್ತದೆ. ನೀವು ಕೊಟ್ಟ ಕರೆಂಟ್‌ನಲ್ಲಿ ಸೌಂಡ್ ಆಗಿ ಹೊರಗೆ ಬರುವುದು ತೀರಾ ಕಮ್ಮಿ. ಒಳ್ಳೆಯ ವೂಫರ್‌ನಲ್ಲೂ (ಬಾಕ್ಸ್‌ನ ದೊಡ್ಡ ಸ್ಪೀಕರ್) ನೂರಕ್ಕೆ ಐದರ ಆಸುಪಾಸು, ಸಾಧಾರಣದ್ದರಲ್ಲಿ ಒಂದೋ ಎರಡೋ. ಉಳಿದಿದ್ದೆಲ್ಲ ಕಾಯಿಲ್‌ನಲ್ಲೇ ಬಿಸಿಯಾಗುತ್ತದೆ. 800 ವ್ಯಾಟ್ ಅಂದರೆ ಮನೆಯ ಇಸ್ತ್ರಿ ಪೆಟ್ಟಿಗೆಯಷ್ಟು. ಅಷ್ಟು ಬಿಸಿಯನ್ನು ಎರಡು ವೂಫರ್ ಮತ್ತು ಒಂದು ಪುಟ್ಟ ಹಾರ್ನ್‌ನ ಕಾಯಿಲ್‌ಗಳು ತಡೆದುಕೊಳ್ಳಬೇಕು. ಅದಕ್ಕೇ ನಾವು ಕೇಳಬೇಕಾದ ಪ್ರಶ್ನೆ ಆಂಪ್ ಎಷ್ಟು ವ್ಯಾಟ್‌ದು ಅನ್ನುವುದಲ್ಲ. ಸರಾಸರಿ ಎಷ್ಟು ವ್ಯಾಟ್ ಒಳಗೆ ಹೋಗುತ್ತಿದೆ, ಎಷ್ಟು ಹೊತ್ತು ಹೋಗುತ್ತಿದೆ ಅನ್ನುವುದು.

ಬಾಕ್ಸ್ ಹಿಂದಿನ ಮೂರು ಅಂಕಿಗಳು ಒಂದೇ ಮಿತಿಯನ್ನು ಮೂರು ತರ ಹೇಳುತ್ತವೆ. ಆರ್‌ಎಂಎಸ್ ಅಂದರೆ ಸ್ಪೀಕರ್‌ಗೆ ಗಂಟೆಗಟ್ಟಲೆ ಒಂದೇ ಸಮನೆ ನಾಯ್ಸ್ ಕೊಟ್ಟು ನೋಡಿ ಇಟ್ಟ ಅಂಕಿ. ಅದರ ಎರಡರಷ್ಟು ಪ್ರೋಗ್ರಾಂ, ನಾಲ್ಕರಷ್ಟು ಪೀಕ್. ಪೀಕ್ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆಯುವುದು ಮಾರಾಟಕ್ಕೆ. ಲೆಕ್ಕಕ್ಕೆ ಆರ್‌ಎಂಎಸ್ ಒಂದನ್ನೇ ಹಿಡಿಯಿರಿ. ಇನ್ನೊಂದು ಮಾತು. 800 ಅನ್ನುವುದು ಇಡೀ ಬಾಕ್ಸ್‌ದು. ಅದರ ಬಹುಪಾಲು ಎರಡು 15 ಇಂಚಿನ ವೂಫರ್‌ಗಳದ್ದು. ಇಂಥ ಬಾಕ್ಸ್‌ಗಳಲ್ಲಿ ಹಾರ್ನ್ ತಾನಾಗಿ ತಡೆಯುವುದು ಸಾಮಾನ್ಯವಾಗಿ 60ರಿಂದ 100 ವ್ಯಾಟ್ ಮಾತ್ರ.

ಇನ್ನು ಮ್ಯೂಸಿಕ್ ಟೆಸ್ಟ್ ನಾಯ್ಸ್ ತರ ಒಂದೇ ಸಮ ಇರುವುದಿಲ್ಲ. ತಬಲಾ ಏಟು ಚಟ್ ಅಂತ ಮೇಲೆ ಹೋಗಿ ಕೆಳಗೆ ಬರುತ್ತದೆ. ಹಾಡಿನ ಸಾಲುಗಳ ನಡುವೆ ಉಸಿರು ಇರುತ್ತದೆ. ಲೈವ್ ಮ್ಯೂಸಿಕ್‌ನಲ್ಲಿ ಪೀಕ್‌ಗೂ ಸರಾಸರಿಗೂ 12 ಡೆಸಿಬೆಲ್ ಅಂತರ ಇರುವುದು ಮಾಮೂಲು. ಅಂಥ ಮ್ಯೂಸಿಕ್‌ಗೆ 800 ವ್ಯಾಟ್‌ನ ಆಂಪ್ ಒಡೆಯದ ಹಾಗೆ ಫುಲ್ ಓಡಿದಾಗ ಸರಾಸರಿ ಹೋಗುವುದು 100 ವ್ಯಾಟ್ ಹತ್ತಿರ, ಎಂಟರಲ್ಲಿ ಒಂದು ಪಾಲು. 800 ತಡೆಯುವ ಬಾಕ್ಸ್‌ಗೆ ಇದು ಏನೂ ಅಲ್ಲ. ಹಾಗಾದರೆ ಸುಟ್ಟಿದ್ದು ಹೇಗೆ?

ಇಲ್ಲಿಗೆ ಅಂಗಡಿಯವರ ‘ಅಂಡರ್ ಪವರ್’ ಮಾತು ಬರುತ್ತದೆ. ಕಮ್ಮಿ ಪವರ್ ಕೊಟ್ಟಿದ್ದಕ್ಕೆ ಯಾವ ಸ್ಪೀಕರೂ ಸುಡುವುದಿಲ್ಲ. ಸುಟ್ಟಿದ್ದರೆ ವಾಲ್ಯೂಮ್ ಇಳಿಸಿದಾಗೆಲ್ಲ ಸುಡಬೇಕಿತ್ತು, ಅಲ್ವಾ? ತೊಂದರೆ ಚಿಕ್ಕ ಆಂಪ್‌ನಿಂದ ದೊಡ್ಡ ಸೌಂಡ್ ಕೀಳಲು ಹೋದಾಗ ಶುರುವಾಗುತ್ತದೆ. ಆಂಪ್‌ನ ವೋಲ್ಟೇಜ್‌ಗೆ ಒಂದು ಮಿತಿ ಇದೆ. ಮಿಕ್ಸರ್‌ನಿಂದ ಅದಕ್ಕಿಂತ ಜಾಸ್ತಿ ತಳ್ಳಿದರೆ ಸಿಗ್ನಲ್‌ನ ತಲೆ ಕತ್ತರಿಸಿ ಹೋಗುತ್ತದೆ. ಇದೇ ಕ್ಲಿಪ್. ಪೀಕ್ ಮೇಲೇರುವುದಿಲ್ಲ, ಆದರೆ ಸಣ್ಣ ಸೌಂಡ್‌ಗಳೆಲ್ಲ ಏರುತ್ತಲೇ ಇರುತ್ತವೆ. ಆಗ ಸರಾಸರಿ ಏರುತ್ತದೆ. ಪೂರ್ತಿ ಕ್ಲಿಪ್ ಆದ ಆಂಪ್ ತನ್ನ ರೇಟಿಂಗ್‌ನ ಎರಡರಷ್ಟು ಸರಾಸರಿ ಕೊಡಬಲ್ಲದು. 100 ವ್ಯಾಟ್ ಹೋಗುತ್ತಿದ್ದ ಕಡೆ 400, 600 ಹೋಗತೊಡಗುತ್ತದೆ. ಅದೂ ಅದೇ 800 ವ್ಯಾಟ್ ಆಂಪ್‌ನಿಂದ.

ಇದರಲ್ಲಿ ಹಾರ್ನ್‌ಗೆ ಪೆಟ್ಟು ಜಾಸ್ತಿ. ವೋಲ್ಟೇಜನ್ನು ತಿಂದು ಮುಗಿಸುವುದು ಪ್ಯಾಡ್‌ನ ಕಿಕ್ ಮತ್ತು ಬೇಸ್ ಗಿಟಾರ್. ಅವು ಮಿತಿ ಮುಟ್ಟಿ ನಿಂತ ಮೇಲೆ ನೀವು ಇನ್ನೂ ಏರಿಸಿದರೆ ಏರಲು ಜಾಗ ಇರುವುದು ಹೈಹ್ಯಾಟ್, ಗಾಯಕರ ‘ಸ’ಕಾರ, ಕೀಬೋರ್ಡ್‌ನ ಮೇಲಿನ ಸ್ವರಗಳಿಗೆ. ಅವೆಲ್ಲ ಹೋಗುವುದು ಹಾರ್ನ್‌ಗೆ. ಕ್ಲಿಪ್‌ನಿಂದ ಹುಟ್ಟುವ ಚರಚರ ಕೂಡ ಮೇಲಿನ ಫ್ರೀಕ್ವೆನ್ಸಿಯದ್ದು, ಅದೂ ಅಲ್ಲಿಗೇ. ಕೆಲವರು ‘ಕ್ಲಿಪ್ ಆದ್ರೆ ಡಿಸಿ ಬರುತ್ತೆ, ಅದು ಸುಡುತ್ತೆ’ ಅನ್ನುತ್ತಾರೆ. ಅದು ತಪ್ಪು. ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಬರುವುದು ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ. ಆಗ ಸುಡುವುದು ವೂಫರ್. ಹಾರ್ನ್ ಮುಂದೆ ಕೆಪ್ಯಾಸಿಟರ್ ಇರುತ್ತದೆ, ಅದು ಡಿಸಿಯನ್ನು ತಡೆಯುತ್ತದೆ.

ಪ್ರತಿ ಸಲ ಕೊನೆಕೊನೆಗೇ ಸುಟ್ಟಿತು ಅಂತ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಇದೇ ಸಾಲು. ಗಣಪತಿ ಪೆಂಡಾಲ್‌ನಲ್ಲಿ ಒಂಬತ್ತೂವರೆ ಹೊತ್ತಿಗೆ ಏನಾಗುತ್ತದೆ ನೋಡಿ. ಹುಡುಗರು ಮುಂದೆ ಬಂದು ಕುಣಿಯುತ್ತಾರೆ, ‘ಸೌಂಡ್ ಜಾಸ್ತಿ ಮಾಡಿ’ ಅಂತ ಕೂಗು. ಮಿಕ್ಸರ್‌ನಲ್ಲಿ ಕೂತವರ ಕಿವಿ ಆಗಲೇ ದಣಿದಿರುತ್ತದೆ, ಜೋರಾಗಿದ್ದರೂ ಕಮ್ಮಿ ಅನಿಸುತ್ತದೆ. ಎಲ್ಲ ಫೇಡರ್‌ಗಳೂ ಮೇಲೆ ಹೋಗಿರುತ್ತವೆ. ಇತ್ತ ಕಾಯಿಲ್ ಕೂಡ ಕಾದಿರುತ್ತದೆ. ತಾಮ್ರ ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. 250 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಆಗ ಅದೇ ವೋಲ್ಟೇಜ್‌ಗೆ ಸೌಂಡ್ ಕಮ್ಮಿ ಬರುತ್ತದೆ. ಕಮ್ಮಿ ಬಂತು ಅಂತ ಇನ್ನಷ್ಟು ಏರಿಸುತ್ತೀರಿ. ಅದು ಇನ್ನಷ್ಟು ಕಾಯುತ್ತದೆ.

ಜೊತೆಗೆ ಕರೆಂಟ್. ಜನರೇಟರ್‌ಗೆ ಲೈಟಿಂಗ್‌ನವರು, ಐಸ್‌ಕ್ರೀಮ್ ಗಾಡಿಯವರು ಎಲ್ಲರೂ ಸೇರಿಕೊಂಡಿರುತ್ತಾರೆ. ಮೇಲಿಂದ ತೆಳು ವೈರ್‌ನಲ್ಲಿ ಉದ್ದಕ್ಕೆ ಎಳೆದಿರುತ್ತಾರೆ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಆಂಪ್‌ಗೆ 230 ವೋಲ್ಟ್ ಬದಲು 190 ಸಿಕ್ಕರೆ 800 ವ್ಯಾಟ್ ಇದ್ದದ್ದು ಸುಮಾರು 550ಕ್ಕೆ ಇಳಿಯುತ್ತದೆ. ಅಂದರೆ ಕ್ಲಿಪ್ ಬೇಗ ಬರುತ್ತದೆ. ಒಂದು ಮಲ್ಟಿಮೀಟರ್ ಜೊತೆಗಿಟ್ಟುಕೊಳ್ಳಿ. ಕಿಕ್ ಬೀಳುವಾಗ ಆಂಪ್ ರ‍್ಯಾಕ್‌ನ ಪ್ಲಗ್‌ನಲ್ಲಿ ಎಷ್ಟು ವೋಲ್ಟ್ ಇದೆ ನೋಡಿ. 210ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಲೈಟ್‌ಗೂ ಸೌಂಡ್‌ಗೂ ಬೇರೆ ಬೇರೆ ಫೇಸ್ ಕೇಳಿ, ಇಲ್ಲವೇ ದಪ್ಪ ಕೇಬಲ್ ಕೇಳಿ.

ನಾಬ್ ಅರ್ಧಕ್ಕೇ ಇಟ್ಟಿದ್ದೇವೆ ಅಂದಿರಿ. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಆಂಪ್ ಮುಂದಿನ ನಾಬ್ ಪವರ್ ಮಿತಿ ಹಾಕುವುದಿಲ್ಲ. ಒಳಗೆ ಬರುವ ಸಿಗ್ನಲ್ ಎಷ್ಟು ಬೇಕು ಅಂತ ಮಾತ್ರ ಅದು ನಿರ್ಧರಿಸುತ್ತದೆ. ಅರ್ಧಕ್ಕಿಟ್ಟು ಮಿಕ್ಸರ್ ಜೋರಾಗಿ ತಳ್ಳಿದರೆ ಆಂಪ್ ಪೂರ್ತಿ 800 ಕೊಟ್ಟೇ ಕೊಡುತ್ತದೆ. ಇನ್ನೂ ಕೆಟ್ಟ ಸಂಗತಿ ಅಂದರೆ, ಮಿಕ್ಸರ್‌ನ ಮೀಟರ್ ಕೆಂಪಿಗೆ ಹೋಗಿ ಸಿಗ್ನಲ್ ಅಲ್ಲೇ ಒಡೆಯಬಹುದು. ಆಂಪ್‌ನ ಕ್ಲಿಪ್ ಲೈಟ್ ಹತ್ತಲೇ ಇಲ್ಲ, ಆದರೂ ಒಡೆದ ಸಿಗ್ನಲ್ಲೇ ಹಾರ್ನ್‌ಗೆ ಹೋಗುತ್ತಿರುತ್ತದೆ. ನಿಮ್ಮಲ್ಲಿ ಇದೇ ಆಗುತ್ತಿದೆ ಅನ್ನುವುದು ನನ್ನ ಅನುಮಾನ. ಮಿಕ್ಸರ್ ಮೀಟರ್ ಹಸಿರಿನಲ್ಲಿ, ಜೋರು ಏಟಿಗೆ ಮಾತ್ರ ಹಳದಿ ಮುಟ್ಟುವ ಹಾಗೆ ಇಟ್ಟು, ಬೇಕಾದ ಸೌಂಡ್ ಆಂಪ್ ನಾಬ್‌ನಲ್ಲಿ ತೆಗೆಯಿರಿ.

ಅನುಮಾನ ಪರಿಹಾರಕ್ಕೆ ಸುಟ್ಟ ಡಯಾಫ್ರಮ್ ಇನ್ನೂ ಇದ್ದರೆ ಬೆಳಕಿಗೆ ಹಿಡಿದು ನೋಡಿ. ಕಾಯಿಲ್ ಕಂದು ಅಥವಾ ಕಪ್ಪಾಗಿ, ಸುತ್ತು ಸಡಿಲವಾಗಿ, ಸುಟ್ಟ ವಾರ್ನಿಶ್ ವಾಸನೆ ಇದ್ದರೆ ಅದು ಬಿಸಿಯಿಂದ ಹೋಗಿದ್ದು. ನಾನು ಹೇಳಿದ ಕ್ಲಿಪ್ ಕಥೆಯೇ. ಕಾಯಿಲ್ ಹೊಳೆಯುತ್ತಾ ಇದ್ದು ಲೀಡ್ ತಂತಿ ತುಂಡಾಗಿದ್ದರೆ, ಇಲ್ಲವೇ ಡೋಮ್ ಅಂಚಿನಲ್ಲಿ ಸೀಳಿದ್ದರೆ ಅದು ಬೇರೆ. ಮಿಕ್ಸರ್ ಆಫ್ ಮಾಡಿದಾಗಿನ ದಡ್ ಸೌಂಡ್, ಫ್ಯಾಂಟಮ್ (ಮಿಕ್ಸರ್ ಮೈಕ್‌ಗೆ ಕೊಡುವ ಕರೆಂಟ್) ಆನ್ ಇದ್ದ ಮೈಕ್ ಕಿತ್ತಿದ್ದು, ಕಿರ್ ಅಂತ ಎದ್ದ ಫೀಡ್‌ಬ್ಯಾಕ್, ಇಂಥವು. ಆನ್ ಮಾಡುವಾಗ ಮಿಕ್ಸರ್ ಮೊದಲು ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಕಾಯಿಲ್‌ನ ಒಂದೇ ಕಡೆ ಉಜ್ಜಿದ ಗೆರೆ ಇದ್ದರೆ ರಿಪೇರಿಯವರು ಗ್ಯಾಪ್ (ಕಾಯಿಲ್ ಕೂರುವ ಮ್ಯಾಗ್ನೆಟ್ ಸಂದು) ಕ್ಲೀನ್ ಮಾಡದೆ ಕೂರಿಸಿದ್ದಾರೆ ಅಂತ ಅರ್ಥ. ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಮಡಚಿ ಆ ಸಣ್ಣ ಗ್ಯಾಪ್‌ನಲ್ಲಿ ಸುತ್ತಲೂ ಎಳೆದರೆ ಹಳೆಯ ಚೂರುಗಳೆಲ್ಲ ಅಂಟಿಕೊಂಡು ಬರುತ್ತವೆ. ಎರಡು ನಿಮಿಷದ ಕೆಲಸ, ಬಿಡುವವರೇ ಜಾಸ್ತಿ. ಡಯಾಫ್ರಮ್ ಕೂಡ ಕಂಪನಿಯದ್ದೇ ಹಾಕಿಸಿ. ಅಗ್ಗದ ಡೂಪ್ಲಿಕೇಟ್ ನೋಡಲು ಒಂದೇ ತರ ಇರುತ್ತದೆ, ಬಿಸಿ ತಡೆಯುವುದಿಲ್ಲ.

ಸರಿ, ಬಾಕ್ಸ್‌ಗೆ ಆಂಪ್ ಎಷ್ಟಿರಬೇಕು? ಬಾಕ್ಸ್‌ನ ನಿಜವಾದ ಓಮ್‌ನಲ್ಲಿ ಆಂಪ್ ಕೊಡುವ ಪವರ್ ಆರ್‌ಎಂಎಸ್‌ನ ಒಂದೂವರೆಯಿಂದ ಎರಡು ಪಟ್ಟು ಇರಲಿ ಎಂಬುದು ನಮ್ಮ ವೃತ್ತಿಯಲ್ಲಿ ರೂಢಿ. ತಬಲಾ ಏಟು ಒಡೆಯದೆ ಹೋಗಲು ಆ ಜಾಗ ಬೇಕು. ಆದರೆ ಇದಕ್ಕೆ ಒಂದು ಷರತ್ತು ಇದೆ: ಸಿಗ್ನಲ್ ಒಂದು ಮಟ್ಟ ಮೀರದಂತೆ ತಡೆಯುವ ಲಿಮಿಟರ್ ಇರಬೇಕು, ಮಿಕ್ಸರ್‌ನಲ್ಲಿ ನಿಮ್ಮದೇ ಮನುಷ್ಯ ಕೂತಿರಬೇಕು. ಮಧ್ಯದಲ್ಲಿ ಯಾರೋ ಬಂದು ಫೋನ್ ಚುಚ್ಚಿ ಡಿಜೆ ಹಾಡು ಹಾಕುವ ಜಾಗಗಳಿಗೆ ಆಂಪ್ ಆರ್‌ಎಂಎಸ್‌ನಷ್ಟೇ ಇದ್ದರೆ ಒಳ್ಳೆಯದು. ಆ ಹಾಡುಗಳನ್ನು ಮೊದಲೇ ಹಿಂಡಿ ಒಂದೇ ಮಟ್ಟಕ್ಕೆ ತಂದಿರುತ್ತಾರೆ, ಸರಾಸರಿ ಬಹಳ ಮೇಲಿರುತ್ತದೆ. ನಿಮ್ಮ ಸೌಂಡ್‌ನವರ ಮಾತು ನಿಜವಾಗುವುದು ಇಂಥ ಕಡೆ. ನಿಮ್ಮ ಟಾಪ್‌ಗೆ 4 ಓಮ್‌ನಲ್ಲಿ 800 ಇದೆ, ಬಾಕ್ಸೂ 800. ಇದು ಚಿಕ್ಕ ಆಂಪ್ ಅಲ್ಲವೇ ಅಲ್ಲ. ಸಬ್ ಕಡೆ 600ಕ್ಕೆ 500 ಇದೆ. ಕೊರತೆ ಏನಾದರೂ ಇದ್ದರೆ ಅಲ್ಲಿ.

ಬೇಸನ್ನು ಸಬ್‌ಗೆ, ಉಳಿದದ್ದನ್ನು ಟಾಪ್‌ಗೆ ಬೇರ್ಪಡಿಸುವ ಕ್ರಾಸ್‌ಓವರ್ ನಿಮ್ಮಲ್ಲಿ ಇದೆಯಾ ಅಂತ ನೀವು ಬರೆದಿಲ್ಲ. ಇಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಕಿಕ್ ಮತ್ತು ಬೇಸ್ ಎಲ್ಲವೂ ಟಾಪ್‌ಗೂ ಹೋಗುತ್ತಿದೆ. ಸಬ್ ಇದ್ದೂ ಟಾಪ್ ಆಂಪ್ ಬೇಸ್‌ಗಾಗಿ ಒದ್ದಾಡುತ್ತಿದೆ, ಅದರ ಪೆಟ್ಟು ಹಾರ್ನ್ ತಿನ್ನುತ್ತಿದೆ. ಒಂದು ಡಿಜಿಟಲ್ ಸ್ಪೀಕರ್ ಪ್ರೊಸೆಸರ್ (ಕ್ರಾಸ್‌ಓವರ್, ಲಿಮಿಟರ್ ಎರಡೂ ಇರುವ ಪೆಟ್ಟಿಗೆ) ತಂದು ಟಾಪ್‌ಗೆ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಅದೇ 800 ವ್ಯಾಟ್ ಆಂಪ್ ಉಸಿರಾಡಲು ಶುರುಮಾಡುತ್ತದೆ. ಹಾಡು ಎಷ್ಟು ತಿಳಿಯಾಗುತ್ತದೆ ಅಂತ ಗಾಯಕರೇ ಮೊದಲು ಹೇಳುತ್ತಾರೆ. ಸಬ್‌ಗೆ ಮೇಲೆ 100, ಕೆಳಗೆ 35 ಹರ್ಟ್ಸ್ ಕಟ್ ಇರಲಿ. ಪೋರ್ಟ್ (ಗಾಳಿಕಿಂಡಿ) ಇರುವ ಸಬ್‌ನಲ್ಲಿ ಅದನ್ನು ಟ್ಯೂನ್ ಮಾಡಿದ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನ್‌ಗೆ ಗಾಳಿಯ ಹಿಡಿತ ತಪ್ಪುತ್ತದೆ. ಕೇಳದ ಸೌಂಡ್‌ಗೆ ಕೋನ್ ಸುಮ್ನೆ ಹಿಂದೆ ಮುಂದೆ ಹೊಡೆದುಕೊಂಡು ಅದನ್ನು ಹಿಡಿದಿಡುವ ಸುಕ್ಕುಬಟ್ಟೆ (ಸ್ಪೈಡರ್) ಕಿತ್ತುಹೋಗುತ್ತದೆ. ಅದು ವ್ಯಾಟ್ ಕಮ್ಮಿ ಇದ್ದರೂ ಆಗುವ ಹಾನಿ.

ಲಿಮಿಟರ್ ಎಲ್ಲಿ ಇಡುವುದು ಅನ್ನುವುದಕ್ಕೂ ಲೆಕ್ಕ ಇದೆ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜ್ ಸಿಗುತ್ತದೆ. ಟಾಪ್‌ಗೆ 800 ಗುಣಿಸು 4, ಅದರ ವರ್ಗಮೂಲ ಸುಮಾರು 56 ವೋಲ್ಟ್. ನಿಮ್ಮ ಆಂಪ್‌ನ ಗೇನ್ (ಸಿಗ್ನಲನ್ನು ಎಷ್ಟು ದೊಡ್ಡದು ಮಾಡುತ್ತದೆ ಅನ್ನುವುದು) 32 ಡೆಸಿಬೆಲ್ ಆಗಿದ್ದರೆ ಅದು 40 ಪಟ್ಟು. ನಾಬ್ ಪೂರ್ತಿ ಏರಿಸಿದಾಗ ಒಳಗೆ 1.4 ವೋಲ್ಟ್ ಬಂದರೆ ಸಾಕು, ಪ್ರೊಸೆಸರ್ ಭಾಷೆಯಲ್ಲಿ ಪ್ಲಸ್ 5 ಡಿಬಿಯು. ನಾನಾದರೆ ಅದಕ್ಕಿಂತ 2–3 ಡಿಬಿ ಕೆಳಗೇ ಇಡುತ್ತೇನೆ. ಒಮ್ಮೆ ಸೆಟ್ ಮಾಡಿದ ಮೇಲೆ ಆಂಪ್ ನಾಬ್ ಮುಟ್ಟಬಾರದು, ಟೇಪ್ ಹಾಕಿಬಿಡಿ. ಒಂದು ಮಾತು ಮಾತ್ರ ನೆನಪಿರಲಿ: ಈ ಲಿಮಿಟರ್ ಇಡೀ ಬಾಕ್ಸ್‌ಗೆ. ಒಳಗಿನ ಹಾರ್ನ್ ಒಂದನ್ನೇ ಅದು ಕಾಯಲಾರದು.

2000 ವ್ಯಾಟ್ ತಗೊಂಡರೆ ಸೌಂಡ್ ಎಷ್ಟು ಏರುತ್ತದೆ ಅಂತಲೂ ತಿಳಿದಿರಲಿ. ವ್ಯಾಟ್ ಎರಡರಷ್ಟಾದರೆ 3 ಡೆಸಿಬೆಲ್. ಕಿವಿಗೆ ‘ಸ್ವಲ್ಪ ಏರಿತು’ ಅನ್ನುವಷ್ಟು. ಕಿವಿಗೆ ಡಬಲ್ ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಬಯಲಲ್ಲಿ ದೂರ ಎರಡರಷ್ಟಾದಾಗೆಲ್ಲ 6 ಡೆಸಿಬೆಲ್ ಹೋಗುತ್ತದೆ. ಅಂದರೆ 16 ಮೀಟರ್‌ನಲ್ಲಿ ಕೂತವನಿಗೂ 32 ಮೀಟರ್‌ನಲ್ಲಿ ನಿಂತವನಿಗೂ ಇರುವ ಅಂತರವನ್ನು ವ್ಯಾಟ್‌ನಿಂದಲೇ ತುಂಬಲು ಹೋದರೆ ನಾಲ್ಕು ಪಟ್ಟು ಆಂಪ್ ಬೇಕು. ಬಾಕ್ಸ್‌ಗಳನ್ನು ಜನರ ತಲೆಗಿಂತ ಮೇಲೆ ಎತ್ತಿ, ಹಿಂದಿನವರ ಕಡೆ ತಿರುಗಿಸಿದರೆ ಬಿಡಿಗಾಸಿಲ್ಲದೆ ಅದರ ಒಂದು ಪಾಲು ಸಿಗುತ್ತದೆ. ಅಂದಹಾಗೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಲೌಡ್‌ಸ್ಪೀಕರ್ ಇರುವ ಸಾರ್ವಜನಿಕ ಜಾಗದ ಅಂಚಿನಲ್ಲಿ ಶಬ್ದ 75 ಡೆಸಿಬೆಲ್ ಮೀರುವಂತಿಲ್ಲ, ಬಡಾವಣೆಗಳಲ್ಲಿ ಮಿತಿ ಇನ್ನೂ ಕಮ್ಮಿ. ರಾತ್ರಿ ಹತ್ತರ ಮೇಲೆ ವಿಶೇಷ ಅನುಮತಿ ಇಲ್ಲದೆ ಬಯಲಲ್ಲಿ ಹಾಕುವಂತೆಯೇ ಇಲ್ಲ.

ದುಡ್ಡು ಎಲ್ಲಿ ಹಾಕಬೇಕು ಅಂದರೆ, ನನ್ನ ಮೊದಲ ಆಯ್ಕೆ ಪ್ರೊಸೆಸರ್. ಎರಡನೆಯದು ಸಬ್‌ಗೆ 8 ಓಮ್‌ನಲ್ಲಿ ಚಾನೆಲ್‌ಗೆ 1000 ವ್ಯಾಟ್ ಕೊಡುವ ಆಂಪ್. ಇದನ್ನು ಪ್ರೊಸೆಸರ್ ಇಲ್ಲದೆ ತರಬೇಡಿ, 18 ಇಂಚಿನ ರೀಕೋನ್ (ಕೋನ್, ಕಾಯಿಲ್ ಬದಲಿಸುವ) ಖರ್ಚು ಹಾರ್ನ್‌ಗಿಂತ ಬಹಳ ಜಾಸ್ತಿ. ಅಂಗಡಿಯವರು ಹೇಳಿದ 2000 ವ್ಯಾಟ್ ಆಂಪನ್ನು ಈಗಿನ ಹಾಗೇ ಟಾಪ್‌ಗೆ ಹಾಕಿದರೆ ಕ್ಲಿಪ್ ಕಮ್ಮಿ ಆಗುತ್ತದೆ ನಿಜ. ಆದರೆ ಒಂಬತ್ತೂವರೆಯ ಕೈ ಅದನ್ನೂ ಕ್ಲಿಪ್ ಮಾಡುತ್ತದೆ. ಆಗ ಹಾರ್ನ್ ಜೊತೆ ವೂಫರ್‌ಗಳೂ ಹೋಗುತ್ತವೆ. ಬಾಕ್ಸ್ ಹಿಂದೆ ಬೈ-ಆಂಪ್ ಸ್ವಿಚ್ ಇದ್ದರೆ ಹಾರ್ನ್‌ಗೇ ಬೇರೆ ಆಂಪ್, ಬೇರೆ ಲಿಮಿಟರ್ ಕೊಡಬಹುದು. ಕಾಯುವುದಕ್ಕೆ ಅದೇ ಸರಿಯಾದ ದಾರಿ. ಆದರೆ ಗಡಿಬಿಡಿಯಲ್ಲಿ ವೈರ್ ಅದಲು ಬದಲಾದರೆ ಬೇಸ್ ಎಲ್ಲ ಹಾರ್ನ್‌ಗೆ ಹೋಗಿ ಒಂದೇ ಏಟಿಗೆ ಮುಗಿಯುತ್ತದೆ. ಆಂಪ್ ಒಳಗೇ ಇರುವ ಪವರ್ಡ್ ಬಾಕ್ಸ್ ತಗೊಂಡರೆ ಈ ಮ್ಯಾಚಿಂಗ್ ತಲೆನೋವೇ ಇಲ್ಲ, ಕಂಪನಿಯವರೇ ಮಾಡಿರುತ್ತಾರೆ. ಅದರ ತೊಂದರೆ ಬೇರೆ: ಪ್ರತಿ ಬಾಕ್ಸ್‌ಗೂ ಕರೆಂಟ್ ಎಳೆಯಬೇಕು, ಮಳೆಗೆ ಹೆದರಬೇಕು, ಊರಲ್ಲಿ ಅದರ ಬೋರ್ಡ್ ರಿಪೇರಿ ಮಾಡುವವರು ಸಿಗುವುದು ಕಷ್ಟ. ವರ್ಷಕ್ಕೆ ಮೂರು ನಾಲ್ಕು ದೊಡ್ಡ ಬಯಲು ಕಾರ್ಯಕ್ರಮ ಮಾತ್ರ ಇದ್ದರೆ ಅವಕ್ಕೆ ದೊಡ್ಡ ಸಿಸ್ಟಮ್ ಬಾಡಿಗೆಗೆ ತರುವುದೇ ಲಾಭ.

ಕೊನೆಯ ಪ್ರಶ್ನೆ. 4 ಓಮ್‌ನ ಇನ್ನೆರಡು ಟಾಪನ್ನು ಅದೇ ಆಂಪ್‌ಗೆ ಸೇರಿಸಿದರೆ ಚಾನೆಲ್‌ಗೆ 2 ಓಮ್ ಆಗುತ್ತದೆ. ಸಬ್ ಆಂಪ್‌ಗೆ ಈಗ ಆಗುತ್ತಿರುವುದೇ ಟಾಪ್ ಆಂಪ್‌ಗೂ ಆಗುತ್ತದೆ. ಬೇಡ. 2 ಓಮ್‌ಗೆ ಓಡುವ ಆಂಪ್ ಇದ್ದರೂ ವೈರ್ ಬಿಡುವುದಿಲ್ಲ. 1 ಚದರ ಮಿಲಿಮೀಟರ್ ವೈರನ್ನು 20 ಮೀಟರ್ ಎಳೆದರೆ ಹೋಗಿಬರುವ ದಾರಿ ಸೇರಿ 0.7 ಓಮ್ ಆಗುತ್ತದೆ. 4 ಓಮ್ ಬಾಕ್ಸ್‌ಗೇ ಬರಬೇಕಾದ ಪವರ್‌ನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಖೋತಾ. 2 ಓಮ್‌ಗೆ ಹತ್ತಿರ ಹತ್ತಿರ ಅರ್ಧ. ಈಗಿರುವ ಟಾಪ್‌ಗಳಿಗೂ 2.5ರ ವೈರ್ ಹಾಕಿ, ಆಂಪ್ ರ‍್ಯಾಕನ್ನು ಸ್ಟೇಜ್ ಪಕ್ಕಕ್ಕೆ ತನ್ನಿ. ಇನ್ನೆರಡು ಟಾಪ್ ಬೇಕೇ ಬೇಕು ಅಂದರೆ, ಸಬ್‌ಗೆ ಹೊಸ ಆಂಪ್ ತಂದಾಗ ಖಾಲಿಯಾಗುವ ಹಳೆ ಆಂಪ್ ಇದೆಯಲ್ಲ, ಅದಕ್ಕೆ ಚಾನೆಲ್‌ಗೊಂದರಂತೆ ಹಾಕಿ. ಅಲ್ಲಿಯವರೆಗೆ ಅದನ್ನು ಮಾರಬೇಡಿ, ಗಾಯಕರ ಮಾನಿಟರ್‌ಗೆ ಇಟ್ಟುಕೊಳ್ಳಿ.